ಪೂರ್ವ ದಿಕ್ಕಿನ ಗಂಡ

ನಮ್ಮವರು ಹೊರಡುವಾಗ 'ಹೋಗ್ತೀನಿ' ಎನ್ನುವುದಿಲ್ಲ. ಎಲ್ಲಿಗೇ ಹೋಗಲಿ, ಎಷ್ಟೇ ಸಿಟ್ಟಿನಲ್ಲಿ ಹೋಗಲಿ, 'ಹೋಗಿ ಬರ್ತೀನಿ' ಎಂದೇ ಮೆಟ್ಟಿಲಿಳಿಯಬೇಕು. ಹಲ್ಲು ಕೀಳಿಸಿಕೊಂಡು ಎದ್ದವರೂ ಕೆನ್ನೆ ಹಿಡಿದುಕೊಂಡೇ 'ಬರ್ತೀನಿ ಡಾಕ್ಟ್ರೇ' ಎನ್ನುತ್ತಾರೆ. ಸಾವಿನ ಮನೆಯೊಂದನ್ನು ಬಿಟ್ಟರೆ ಈ ಮಾತಿಗೆ ಎಲ್ಲಿಯೂ ರಿಯಾಯಿತಿ ಇಲ್ಲ. ಮುರಿದ ಮದುವೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದನ್ನು ಹಿರಿಯರು ಹೇಳಿಟ್ಟು ಹೋಗಿಲ್ಲ. ಆದ್ದರಿಂದ ಆ ದಿನ ಆದದ್ದಕ್ಕೆ ಸೋಮಶೇಖರನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಆ ದಿನವೆಂದರೆ 2005ರ ಮಾರ್ಚಿನ ಒಂದು ಮಧ್ಯಾಹ್ನ. ದೆಹಲಿಯ ನ್ಯಾಯಾಲಯವೊಂದರಲ್ಲಿ ಸೋಮಶೇಖರನಿಗೂ ಅವನ ಹೆಂಡತಿ ಅಹಲ್ಯಾಳಿಗೂ ಇಪ್ಪತ್ತೆರಡು ವರ್ಷಗಳ ಸಂಸಾರದಿಂದ ಬಿಡುಗಡೆ ಸಿಕ್ಕಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನ. ಇಬ್ಬರೂ ಒಂದು ವಿಷಯಕ್ಕೆ ಕೂಡಿ ಒಪ್ಪಿದ್ದು ಬಹಳ ವರ್ಷಗಳ ನಂತರ ಅದೇ ಮೊದಲು. ಹೊರಗೆ ಮೆಟ್ಟಿಲ ಮೇಲೆ ವಕೀಲ ಚಂದ್ರಮೋಹನ ಕೈಕುಲುಕಿದ. ವಸಂತ್ ಕುಂಜ್‌ನ ಎದುರು ಫ್ಲ್ಯಾಟಿನ ಮಿಸೆಸ್ ಭಾಟಿಯಾ ಎರಡು ಡಬ್ಬಿಗಳಲ್ಲಿ ಪರಾಠಾ ತಂದಿದ್ದಳು, ಅವನಿಗೊಂದು, ಅವಳಿಗೊಂದು. ಹಸಿವಿಗೆ ವಿಚ್ಛೇದನವಿಲ್ಲವೆಂದು ಆ ಹೆಂಗಸಿಗೆ ಗೊತ್ತಿತ್ತು.

ಸೋಮಶೇಖರ ತನ್ನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ಸರಿ ಅಹಲ್ಯಾ, ಹೋಗಿ ಬರ್ತೀನಿ" ಎಂದ.

ಅಹಲ್ಯಾ ಕೈಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದಳು. ತಲೆ ಎತ್ತದೆ, "ಹ್ಞೂಂ, ಬನ್ನಿ" ಎಂದಳು.

ಅಷ್ಟೇ ನಡೆದದ್ದು.

"ಕ್ಯಾ ಬೋಲಾ? ಏನಂದ ಅವನು?" ಮಿಸೆಸ್ ಭಾಟಿಯಾ, ಸೋಮಶೇಖರ-ಅಹಲ್ಯಾರ ಮಗಳು ಹರ್ಷಿಣಿಯ ತೋಳು ಹಿಡಿದಳು.

ಹರ್ಷಿಣಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ನಿಘಂಟಿನ ಹಾಗೆ, ಪದಕ್ಕೆ ಪದ. "ಪಾಪಾ ಹೇಳಿದ್ರು, ಹೋಗಿ ವಾಪಸ್ ಬರ್ತೀನಿ ಅಂತ. ಅಮ್ಮ ಹೇಳಿದ್ರು, ಯೆಸ್, ಪ್ಲೀಸ್ ಕಮ್."

"ಹಾಯ್ ರಬ್ಬಾ!" ಎಂದು ಮಿಸೆಸ್ ಭಾಟಿಯಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಚಂದ್ರಮೋಹನ ಬಾಗಲಕೋಟೆಯವನು, ಅವನಿಗೆ ಕನ್ನಡ ಅರ್ಥವಾಗಬೇಕಿತ್ತು. ಆದರೆ ವಕೀಲರಿಗೆ ಆಡಿದ ಮಾತಿಗಿಂತ ಅದರಿಂದ ಆಗಬಹುದಾದ ಅನಾಹುತವೇ ಮೊದಲು ಕಾಣುತ್ತದೆ. "ಸೋಮಶೇಖರ್ ಅವರೇ, ಆರು ತಿಂಗಳು ಕಾಯ್ದು ತಗೊಂಡ ಡಿಕ್ರಿ ಇದು. ಹತ್ತು ಮೆಟ್ಲ ಇಳಿಯೋದ್ರಾಗ ಬರ್ತೀನಿ ಅಂತೀರಲ್ರೀ! ಜಡ್ಜ್ ಸಾಹೇಬ್ರು ಕೇಳಿಸ್ಕೊಂಡ್ರ ನನ್ನ ಗತಿ ಏನು?"

ವಿಚ್ಛೇದನಕ್ಕೆ ಕಾರಣವೇನೆಂದು ಯಾರಾದರೂ ಕೇಳಿದರೆ ಸೋಮಶೇಖರ ಈಗಲೂ ತಲೆ ಕೆರೆದುಕೊಳ್ಳುತ್ತಾನೆ. ಅವನು ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್, ಸಂಜೆ ಕನ್ನಡ ಕೂಟದ ಕಾರ್ಯದರ್ಶಿ. ದಿನಾ ಸಂಜೆ "ಐದು ನಿಮಿಷ, ಹೋಗಿ ಬರ್ತೀನಿ" ಎಂದು ಹೋಗುತ್ತಿದ್ದ. ಬರುವುದು ಮಾತ್ರ ನಾಟಕದ ತಾಲೀಮು ಮುಗಿದ ಮೇಲೆ. ಅಹಲ್ಯಾಳ ಪಿತ್ತಕೋಶದ ಆಪರೇಷನ್ನಿನ ದಿನವೂ ಹಾಗೆಯೇ ಆಯಿತು. ರಾಜ್ಯೋತ್ಸವದ ಮುಖ್ಯ ಅತಿಥಿಯನ್ನು ವಿಮಾನ ನಿಲ್ದಾಣದಿಂದ ಕರೆತರಲು ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವೆಂದು ಹೋದವನು ಆಸ್ಪತ್ರೆಗೆ ಮರಳಿದ್ದು ಮರುದಿನ, ಅತಿಥಿಯ ಕೊರಳಿನ ಶ್ರೀಗಂಧದ ಹಾರವನ್ನು ಅಹಲ್ಯಾಳಿಗೆಂದು ಕೇಳಿ ಇಸಿದುಕೊಂಡು. ಅವಳು ಹಾರವನ್ನು ನೋಡಿದಳು, ಅವನನ್ನು ನೋಡಿದಳು, ಗೋಡೆಯ ಕಡೆ ತಿರುಗಿ ಮಲಗಿದಳು. ಅಹಲ್ಯಾಳೂ ಕಡಿಮೆಯವಳಲ್ಲ. ವಿಶ್ವವಿದ್ಯಾಲಯದ ಗ್ರಂಥಪಾಲಕಿ, ಮಾತನ್ನೆಲ್ಲ ಪುಸ್ತಕದ ಹಾಗೆ ಸಾಲಾಗಿ ಜೋಡಿಸಿಟ್ಟು ಬೀಗ ಹಾಕಿಬಿಡುತ್ತಿದ್ದಳು.

ಸೋಮಶೇಖರ ಘಾಜಿಯಾಬಾದ್‌ನಲ್ಲಿ, ಗೇಟು ಗಾರ್ಡು ಇರುವ ಅಪಾರ್ಟ್‌ಮೆಂಟೊಂದರಲ್ಲಿ, ಬಾಡಿಗೆಯ ಮನೆ ಹಿಡಿದ. ಸಾಮಾನು ಹಂಚಿಕೆಯಲ್ಲಿ ಅವನಿಗೆ ಕುಕ್ಕರ್ ಬಂದಿತ್ತು. ಅದರ ವೆಯ್ಟು ವಸಂತ್ ಕುಂಜ್‌ನ ಡ್ರಾಯರಿನಲ್ಲೇ ಉಳಿದಿತ್ತು. ವೆಯ್ಟಿಲ್ಲದ ಕುಕ್ಕರಿನಲ್ಲಿ ಬೇಳೆ ಬೇಯುವುದನ್ನು ಕಾಯುತ್ತ ಕೂತವನಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಯೋಚಿಸಿದ್ದು ಒಂದೇ ಮಾತನ್ನು: 'ಹ್ಞೂಂ, ಬನ್ನಿ.' ಬರೀ 'ಹ್ಞೂಂ' ಎಂದಿದ್ದರೆ ಸಾಕಿತ್ತಲ್ಲ? 'ಬನ್ನಿ' ಯಾಕೆ ಸೇರಿಸಿದಳು?

ಕಚೇರಿಯ ಕ್ಯಾಂಟೀನಿನಲ್ಲಿ ಗೆಳೆಯ ಚಿದಂಬರನ ಮುಂದೆ ಇದನ್ನು ಇಟ್ಟ. ಚಿದಂಬರ ಕನ್ನಡ ಎಂ.ಎ. ಮಾಡಿ ಇಪ್ಪತ್ತು ವರ್ಷದಿಂದ ಫೈಲು ನೋಡುತ್ತಿದ್ದವನು; ವ್ಯಾಕರಣದ ಪ್ರಶ್ನೆಯೊಂದು ಎದುರಿಗೆ ಬಂದದ್ದಕ್ಕೆ ಅವನ ಕಣ್ಣಲ್ಲಿ ನೀರೇ ಬಂತು.

"ಬನ್ನಿ ಅಂದ್ರೆ ವಿಧ್ಯರ್ಥ ಕಣಯ್ಯಾ, ವಿಧ್ಯರ್ಥ! ಅಪ್ಪಣೆ, ಆಶೀರ್ವಾದ, ಹಾರೈಕೆ ಇವುಗಳಲ್ಲಿ ಒಂದು. ಡಿವೋರ್ಸ್ ಕೊಟ್ಟೋಳು ಆಶೀರ್ವಾದ ಮಾಡ್ತಾಳಾ? ಇಲ್ಲ. ಹಾರೈಸ್ತಾಳಾ? ಇಲ್ಲ. ಇನ್ನೇನುಳೀತು?"

"ಅಪ್ಪಣೆ?"

"ಮತ್ತೆ ಇಲ್ಲೇನು ಸಮೋಸ ತಿಂತಾ ಕೂತಿದೀಯ?"

ಏಪ್ರಿಲ್‌ನ ಒಂದು ಭಾನುವಾರ ಸೋಮಶೇಖರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೈಲಿನಲ್ಲಿ ದೆಹಲಿಗೆ ಬಂದು, ಎರಡು ಬಸ್ಸು ಬದಲಿಸಿ ವಸಂತ್ ಕುಂಜ್‌ನ ಗೇಟಿಗೆ ಬಂದ. ಹದಿನಾಲ್ಕು ವರ್ಷ ಅವನು ಲೆಕ್ಕವೇ ಇಡದೆ ದಾಟಿದ ಗೇಟು. ಈಗ ಅಲ್ಲಿ ಹೊಸ ಗಾರ್ಡು, ಬಲಿಯಾ ಜಿಲ್ಲೆಯ ರಾಮ್‌ಸುಮೇರ್. ಅವನ ಮುಂದೆ ಉದ್ದನೆಯ ರಿಜಿಸ್ಟರ್. ಹೆಸರು, ಎಲ್ಲಿಂದ, ಯಾರ ಮನೆಗೆ, ಸಂಬಂಧವೇನು, ಬಂದ ಸಮಯ, ಹೋದ ಸಮಯ.

'ಸಂಬಂಧ' ಎಂಬ ಅಂಕಣದ ಮುಂದೆ ಸೋಮಶೇಖರನ ಪೆನ್ನು ನಿಂತಿತು. ಅವನು ಕಚೇರಿಯಲ್ಲಿ ಹದಿನೈದು ದಿನ ನಡೆಯುವ ಹಿಂದಿ ಪಖವಾಡದ ಕರಡು ಬರೆಯುವ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಪಡೆದವನು. (ಮೂವರು ಸ್ಪರ್ಧಿಸಿದ್ದರು.) ನಿವೃತ್ತ ನಿರ್ದೇಶಕರನ್ನು ಸರ್ಕಾರಿ ಹಿಂದಿಯಲ್ಲಿ 'ಪೂರ್ವ ನಿದೇಶಕ' ಎನ್ನುತ್ತಾರೆ, ಮಾಜಿ ಮಂತ್ರಿಯನ್ನು 'ಪೂರ್ವ ಮಂತ್ರಿ'. ಅವನು ದುಂಡಗಿನ ಅಕ್ಷರದಲ್ಲಿ ಬರೆದ: 'ಪೂರ್ವ ಪತಿ.'

ರಾಮ್‌ಸುಮೇರ್ ಬೆರಳಿಟ್ಟು ಓದಿದ. ಅವನ ಮುಖವೆಲ್ಲ ಅರಳಿತು. "ಅರೇ ಬಾಬೂಜಿ, ಆಪ್ ಭೀ ಪೂರಬ್ ಕೇ? ನಾನೂ ಪೂರ್ವದವನೇ! ಬಲಿಯಾ. ನೀವು ಯಾವ ಜಿಲ್ಲೆ?"

"ಘಾಜಿಯಾಬಾದ್" ಎಂದ ಸೋಮಶೇಖರ, ಕಂಗಾಲಾಗಿ.

"ಪಾಪ, ಪೂರ್ವದಿಂದ ಹೊರಟು ಇನ್ನೂ ಅಲ್ಲಿವರೆಗೆ ಮಾತ್ರ ಬಂದಿದೀರ" ಎಂದು ರಾಮ್‌ಸುಮೇರ್ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಬಗ್ಗಿಸಿ, ಇಂಟರ್‌ಕಾಮ್ ಎತ್ತಿದ. "ಮೇಡಂ, ನಿಮ್ಮ ಪೂರ್ವದ ಕಡೆಯ ಪತಿ ಬಂದಿದ್ದಾರೆ."

ಆ ಕಡೆಯಿಂದ ಅಹಲ್ಯಾಳ ಧ್ವನಿ ಹೊರಗೂ ಕೇಳಿಸಿತು: "ಪಶ್ಚಿಮದವರು ಬಂದಿಲ್ವಾ? ಅವರೂ ಬಂದ್ಮೇಲೆ ಒಟ್ಟಿಗೇ ಕಳಿಸಿ."

ರಾಮ್‌ಸುಮೇರ್ ಫೋನಿನ ಬಾಯಿ ಮುಚ್ಚಿಕೊಂಡು, "ಬಾಬೂಜಿ, ಇನ್ನೊಬ್ಬರಿದ್ದಾರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಈ ಸುದ್ದಿ ಸೋಮಶೇಖರನಿಗಿಂತ ಮೊದಲು ಎರಡನೆಯ ಮಹಡಿ ಹತ್ತಿತು. ಅವನು ಬಾಗಿಲು ಮುಟ್ಟುವಷ್ಟರಲ್ಲಿ ಮಿಸೆಸ್ ಭಾಟಿಯಾ ಆರತಿ ತಟ್ಟೆಯೊಡನೆ ನಿಂತಿದ್ದಳು. "ನಾನು ಹೇಳಿರ್ಲಿಲ್ವಾ? ಹೋಗಿ ಬರ್ತೀನಿ ಅಂದಿದ್ದ, ಬಂದ! ಸೌತ್‌ನವರು ಮಾತು ತಪ್ಪಲ್ಲ!" ಹಿಂದೆ ನಾಲ್ಕು ಹೆಂಗಸರು, ಒಂದು ಡಬ್ಬಿ ಲಾಡು. ಇವರೆಲ್ಲರ ನಡುವೆ ನಿವಾಸಿಗಳ ಸಂಘದ ಕಾರ್ಯದರ್ಶಿ, ನಿವೃತ್ತ ಕರ್ನಲ್ ಸಾಹೇಬರು, ಕೈಯಲ್ಲೊಂದು ಫಾರಂ ಹಿಡಿದು.

"ವೆಲ್‌ಕಂ ಬ್ಯಾಕ್. ಚಲೋ, ಒಂದು ಸ್ಪಷ್ಟನೆ ಬೇಕು. ಟೆಂಪರರಿಯೋ, ಪರ್ಮನೆಂಟೋ?"

"ಅಂದ್ರೆ?"

"ಟೆಂಪರರಿ ಆದರೆ ರಿಜಿಸ್ಟರ್ ಸಾಕು. ಪರ್ಮನೆಂಟ್ ಆದರೆ ಎರಡು ಫೋಟೋ, ಪೊಲೀಸ್ ವೆರಿಫಿಕೇಷನ್."

"ಇಪ್ಪತ್ತೆರಡು ವರ್ಷ ಅವಳ ಗಂಡನಾಗಿದ್ದೆ, ಕರ್ನಲ್ ಸಾಹೇಬ್ರೇ."

"ಅದು ಹಳೇ ರೆಕಾರ್ಡ್. ಕ್ಯಾನ್ಸಲ್ ಆಗಿದೆ."

ಎಲ್ಲರೂ ಸೋಮಶೇಖರನನ್ನು ನೋಡಿದರು. ಸೋಮಶೇಖರ ಅಹಲ್ಯಾಳನ್ನು ನೋಡಿದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಂದು ಮಾತು ಅವನ ಬಾಯಿಂದ ಬಂದರೆ ಅದನ್ನು ಕೇಳುವಷ್ಟು ಹತ್ತಿರ, ಕೇಳಿಸಲಿಲ್ಲ ಎನ್ನುವಷ್ಟು ದೂರ. ಲಾಡು, ಆರತಿ, ಫಾರಂ, ಆರು ಜೊತೆ ಕಣ್ಣು. ಗಂಡಸಿನ ಮಾನ ಎಂಬ ಅನಾವಶ್ಯಕ ವಸ್ತು ಇಂಥ ಹೊತ್ತಿನಲ್ಲೇ ನೆನಪಾಗುತ್ತದೆ.

"ನಾನು... ಕುಕ್ಕರ್ ವೆಯ್ಟ್ ತಗೊಂಡು ಹೋಗೋಣ ಅಂತ ಬಂದೆ" ಎಂದ.

ಮಿಸೆಸ್ ಭಾಟಿಯಾಳ ಆರತಿ ತಾನಾಗಿ ಆರಿತು.

ಅಹಲ್ಯಾ ಒಳಗೆ ಹೋದಳು. ಸೋಮಶೇಖರ ಹಿಂದೆಯೇ ಹೋಗಿ, ಪಿಸುದನಿಯಲ್ಲಿ, "ಆವತ್ತು ಕೋರ್ಟ್ ಹತ್ರ ಬನ್ನಿ ಅಂದೆಯಲ್ಲ ನೀನು..." ಎಂದ.

ಅವಳು ಡ್ರಾಯರಿನಿಂದ ವೆಯ್ಟು ತೆಗೆದು ಅವನ ಅಂಗೈಯಲ್ಲಿಟ್ಟಳು. "ಅದು ಬಾಯಿಮಾತು ರೀ. ಪೇಪರ್ ಹಾಕೋ ಭಯ್ಯಾಗೂ ಹಾಗೇ ಅಂತೀನಿ. ಇಪ್ಪತ್ತೆರಡು ವರ್ಷ ಬರ್ತೀನಿ ಬರ್ತೀನಿ ಅಂತ ನೀವಂದಿದ್ದೂ ಬಾಯಿಮಾತೇ ಅಲ್ವಾ? ನಾನೊಬ್ಬಳೇ ಅದನ್ನ ನಿಜ ಅಂತ ತಟ್ಟೆ ಹಾಕ್ಕೊಂಡು ಕೂತಿದ್ದೆ."

ಅಷ್ಟು ಹೇಳಿದವಳು, ಅವನು ಹೊರಡುವಾಗ ಒಂದು ಬಾಟಲಿ ಸಾರಿನ ಪುಡಿಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಳು. ಬರೀ ವೆಯ್ಟು ಇಟ್ಟುಕೊಂಡು ಮನುಷ್ಯ ಏನು ಮಾಡಿಯಾನು?

ಘಾಜಿಯಾಬಾದ್‌ಗೆ ಮರಳುವ ರೈಲಿನಲ್ಲಿ ಸೋಮಶೇಖರ ವೆಯ್ಟನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದ. ಮರುದಿನ ಕನ್ನಡ ಕೂಟದ ಕಾರ್ಯದರ್ಶಿಗಿರಿಗೆ ರಾಜೀನಾಮೆ ಬರೆದ. ಮುಂದಿನ ಶನಿವಾರ ಅಹಲ್ಯಾಳಿಗೆ ಫೋನು ಮಾಡಿ, "ನಾಳೆ ನಾಲ್ಕು ಗಂಟೆಗೆ ಬರ್ತೀನಿ. ಬಾಟಲಿ ವಾಪಸ್ ಕೊಡೋದಿದೆ" ಎಂದ. "ನಿಮ್ಮಿಷ್ಟ" ಎಂದಳು ಅವಳು.

ನಾಲ್ಕಕ್ಕೆ ಬಂದ. ನಾಲ್ಕೂ ಐದಕ್ಕಲ್ಲ, ಮೂರೂ ಐವತ್ತೈದಕ್ಕಲ್ಲ. ಅದರ ಮುಂದಿನ ಭಾನುವಾರವೂ ಬಂದ, ಅದರ ಮುಂದಿನದೂ. ರೈಲನ್ನು ನಂಬದೆ ಮೂರು ಗಂಟೆಗೇ ಗೇಟಿಗೆ ಬಂದು ರಾಮ್‌ಸುಮೇರನ ಪಕ್ಕ ಕೂತು, ನಾಲ್ಕು ಹೊಡೆಯುವುದನ್ನು ಕಾಯುತ್ತಿದ್ದ. ರಾಮ್‌ಸುಮೇರ್ ಅವನಿಗಾಗಿ ಎಲ್ಲಿಂದಲೋ ಎರಡನೆಯ ಕುರ್ಚಿ ತಂದಿಟ್ಟ. ಒಂದು ಕಾಲು ಕುಂಟಾಗಿದ್ದ ಕಡೆ ಇಟ್ಟಿಗೆಯ ಚೂರನ್ನೂ ಇಟ್ಟ. ರಿಜಿಸ್ಟರಿನಲ್ಲಿ ತಾನೇ ಬರೆಯುತ್ತಿದ್ದ: 'ಪೂರಬ್‌ನ ಪತಿ.' ಎರಡನೆಯ ಮಹಡಿಯ ಹೆಂಗಸರು ಅವನು ಮೆಟ್ಟಿಲು ಹತ್ತುವ ಸದ್ದಿಗೆ ಹಾಲು ಒಲೆಯ ಮೇಲಿಡುತ್ತಿದ್ದರು. ಕರ್ನಲ್ ಸಾಹೇಬರು, "ಈ ಮನುಷ್ಯ ಫೌಜಿಗೆ ಸೇರಬೇಕಿತ್ತು" ಎಂದರು. ಇಪ್ಪತ್ತೆರಡು ವರ್ಷ ಅವನನ್ನು ಬಲ್ಲವರು ಯಾರೂ ಆಡಿರದ ಮಾತು ಅದು.

ಮೊದಲು ಬಾಗಿಲಲ್ಲೇ ಮಾತು. ಜೂನ್ ಹೊತ್ತಿಗೆ ಸೋಫಾದ ತನಕ. ಜುಲೈನಲ್ಲಿ ಸೋರುವ ನಲ್ಲಿಗೆ ಅವನು ವಾಷರ್ ಹಾಕಿದ; ನಲ್ಲಿ ಇನ್ನಷ್ಟು ಸೋರಿತು; ಇಬ್ಬರೂ ನೆನೆದರು. ಅಹಲ್ಯಾ ನಕ್ಕಳು. ಅವಳ ನಗುವಿನಲ್ಲಿ ಕೊನೆಗೊಂದು ಸಣ್ಣ ಗೊರಕೆ ಇರುತ್ತಿತ್ತೆಂಬುದನ್ನು ಸೋಮಶೇಖರ ಪೂರಾ ಮರೆತಿದ್ದ.

ಆಗಸ್ಟಿನಲ್ಲಿ ಅವನಿಗೆ ಜ್ವರ ಬಂತು. ಎರಡು ಗಂಟೆಗೇ ಫೋನು ಮಾಡಿ, "ಅಹಲ್ಯಾ, ಇವತ್ತು ಬರಕ್ಕಾಗಲ್ಲ. ಕಾಯಬೇಡ" ಎಂದ. ಬರುವುದಿಲ್ಲ ಎಂಬುದನ್ನು ಅವನು ಅವಳಿಗೆ ಮೊದಲೇ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಸಂಜೆ ಹರ್ಷಿಣಿ ಫ್ಲಾಸ್ಕಿನಲ್ಲಿ ತಿಳಿಸಾರು ಹೊತ್ತು ಘಾಜಿಯಾಬಾದ್‌ಗೆ ಬಂದಳು. "ಪಾಪಾ, ನೀವು ಬರಲ್ಲ ಅಂದಿದ್ದಕ್ಕೆ ಅಮ್ಮ ಖುಷ್ ಹೋ ಗಯೀ. ನಿಮ್ಮಿಬ್ಬರದು ಕುಛ್ ಸಮಝ್ ಮೇಂ ನಹೀಂ ಆತಾ, ಏನೂ ಅರ್ಥ ಆಗಲ್ಲ."

ಅಕ್ಟೋಬರ್‌ನಲ್ಲಿ ಒಂದು ಶನಿವಾರ ಅಹಲ್ಯಾಳೇ ಫೋನು ಮಾಡಿದಳು. "ನಾಳೆ ನೀವು ಬರಬೇಡಿ. ನಾನೇ ಬರ್ತೀನಿ."

ಸೋಮಶೇಖರ ಪಕ್ಕದ ಮನೆಯಿಂದ ಒಂದು ಕುರ್ಚಿ ಬೇಡಿ ತಂದ, ಪರದೆ ಕಟ್ಟಿದ, ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಇಟ್ಟ. ಅವಳು ಬಂದಳು. ತಿಳಿನೀಲಿ ಸೀರೆ, ಕೈಯಲ್ಲೊಂದು ಪರ್ಸು, ಅಷ್ಟೇ. ತಳ ಹಿಡಿದ ಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಆಮೇಲೆ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದಳು:

"ಗುವಾಹಟಿಯಿಂದ ಪತ್ರ ಬಂದಿದೆ. ಅಲ್ಲಿನ ಲೈಬ್ರರಿಗೆ ಮುಖ್ಯಸ್ಥೆಯಾಗಿ ಕರೀತಿದಾರೆ. ಮೂರು ವರ್ಷ. ಹರ್ಷಿಣಿ ಹಾಸ್ಟೆಲ್ಲಿಗೆ ಹೋಗ್ತಾಳಂತೆ. ನಾನು ನಾಳೆಯೊಳಗೆ ಹೇಳ್ಬೇಕು." ತಟ್ಟೆಯಿಂದ ಬೆರಳು ತೆಗೆದು, "ನೀವೇನಂತೀರಿ?" ಎಂದಳು.

ಬೇಡ ಎನ್ನುವುದಕ್ಕೆ ಒಂದೇ ಉಸಿರು ಸಾಕಿತ್ತು. ಆದರೆ ಸೋಮಶೇಖರ ಈ ಏಳು ತಿಂಗಳಲ್ಲಿ ಒಳ್ಳೆಯ ಮನುಷ್ಯನಾಗಿಬಿಟ್ಟಿದ್ದ. ಆಪರೇಷನ್ನಿನ ದಿನ ಅವಳನ್ನು ಬಿಟ್ಟುಹೋದವನಿಗೆ ಈಗ ಅವಳನ್ನು ಹಿಡಿದಿಡುವ ಹಕ್ಕು ಎಲ್ಲಿಯದು ಎಂದುಕೊಂಡ. ಇಂಥ ಹೊತ್ತಿನಲ್ಲೆಲ್ಲ ಅವನ ನೆರವಿಗೆ ಬರುತ್ತಿದ್ದುದು ಕಚೇರಿಯ ಭಾಷೆ.

"ಬಹಳ ಒಳ್ಳೇ ಅವಕಾಶ. ನನ್ನ ಕಡೆಯಿಂದ ನೋ ಆಬ್ಜೆಕ್ಷನ್" ಎಂದ.

ಅಹಲ್ಯಾ ಕೈ ತೊಳೆದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಅವನ ಮುಖವನ್ನೇ ನೋಡುತ್ತ, ಒಂದೊಂದೇ ಅಕ್ಷರವನ್ನು ಎಣಿಸಿ ಇಡುವಂತೆ, "ಹೋಗಿ ಬರ್ತೀನಿ" ಎಂದಳು.

ಸೋಮಶೇಖರ ಪಾಠ ಕಲಿತಿದ್ದ ವಿದ್ಯಾರ್ಥಿ. ಕಲಿತದ್ದನ್ನು ಒಪ್ಪಿಸುವ ಆಸೆ ಯಾರಿಗಿಲ್ಲ? ದೊಡ್ಡದಾಗಿ ನಕ್ಕು ಹೇಳಿದ: "ಬಾಯಿಮಾತು ತಾನೇ? ಗೊತ್ತು ಬಿಡು! ಈ ಸಲ ನಾನೇನು ಅದನ್ನ ನಂಬ್ಕೊಂಡು ಕೂರಲ್ಲ."

ಅಹಲ್ಯಾ ಪರ್ಸನ್ನು ಕಂಕುಳಿಗೆ ಸೇರಿಸಿದಳು. "ಹೌದು. ಬಾಯಿಮಾತು" ಎಂದಳು. ಮೆಟ್ಟಿಲಿಳಿದಳು.

ಸೋಮಶೇಖರ ಕುಕ್ಕರ್ ತಿಕ್ಕುತ್ತ ಹಳೆಯ ನಾಟಕದ ಹಾಡೊಂದನ್ನು ಸಿಳ್ಳೆ ಹಾಕಿದ. ಎಷ್ಟು ಹದವಾಗಿ ನಡೆದುಕೊಂಡೆ ಎಂದು ಅವನಿಗೇ ಅವನ ಮೇಲೆ ಗೌರವ ಬಂದಿತ್ತು. ಮೂರು ಗಂಟೆಯ ನಂತರ ಹಾಲು ತರಲು ಕೆಳಗಿಳಿದಾಗ ಗೇಟಿನ ಗಾರ್ಡು ರಿಜಿಸ್ಟರ್ ಹಿಡಿದು ಎದ್ದು ನಿಂತ.

"ಸಾಬ್, ನಿಮ್ಮ ಮನೆಗೆ ಬಂದ ಮೇಡಂ ಹೋದ ಸಮಯ ಬರೆಯದೆ ಹೋದರು. ಸೂಪರ್‌ವೈಸರ್ ನನ್ನ ಬೈತಾನೆ. ನೀವು ಬರೆದುಬಿಡಿ."

ಸೋಮಶೇಖರ ಪೆನ್ನು ತೆಗೆದುಕೊಂಡ. ಅಹಲ್ಯಾಳ ಓರೆಯಾದ ಅಕ್ಷರಗಳು. ಸಂಬಂಧದ ಅಂಕಣದಲ್ಲಿ ಒಂದೇ ಪದ: 'ಪತ್ನಿ.' ಅವನು ಅದರ ಹಿಂದೆ ನೋಡಿದ, ಮೇಲಿನ ಸಾಲು ನೋಡಿದ, ಹಾಳೆಯ ಅಂಚನ್ನೂ ನೋಡಿದ. 'ಪೂರ್ವ' ಎಲ್ಲೂ ಇರಲಿಲ್ಲ.

"ಸೂಟ್‌ಕೇಸ್ ಭಾರ ಇತ್ತು ಸಾಬ್" ಎಂದ ಗಾರ್ಡು.

"ಯಾವ ಸೂಟ್‌ಕೇಸ್?"

"ಮೇಡಂ ತಂದಿದ್ದು. ಬರೋವಾಗ ಇಲ್ಲಿ ನನ್ನ ಹತ್ರ ಇಟ್ಟು ಹೋದ್ರು. ಸಾಬ್ ಕೆಳಗೆ ಬಂದು ತಗೊಂಡು ಹೋಗ್ತಾರೆ ಅಂದ್ರು. ಆಮೇಲೆ ತಾವೇ ವಾಪಸ್ ಬಂದ್ರು. ಈ ಕುರ್ಚಿ ಮೇಲೆ ಹತ್ತು ನಿಮಿಷ ಕೂತಿದ್ರು, ಮೆಟ್ಟಿಲ ಕಡೆನೇ ನೋಡ್ತಾ. ನೀರು ಕೊಟ್ಟೆ, ಕುಡಿದ್ರು. ಆಟೋಗೆ ನಾನೇ ಇಟ್ಟುಕೊಟ್ಟೆ ಸಾಬ್."

ಮೇಲೆ ಸಿಳ್ಳೆ ಹಾಕುತ್ತಿದ್ದ ಆ ಹತ್ತು ನಿಮಿಷ.

ಸೋಮಶೇಖರ ಮೊಬೈಲ್ ತೆಗೆದ. ಅಹಲ್ಯಾಳ ಫೋನನ್ನು ಎತ್ತಿದ್ದು ಹರ್ಷಿಣಿ. "ಅಮ್ಮ ಮಲಗಿದಾಳೆ, ಪಾಪಾ. ಆಟೋದಿಂದಾನೇ ಗುವಾಹಟಿಯ ಡೈರೆಕ್ಟರ್‌ಗೆ ಫೋನ್ ಮಾಡಿ ಹಾಂ ಬೋಲ್ ದಿಯಾ, ಒಪ್ಪಿಬಿಟ್ಳು. ನೀವು ನೋ ಆಬ್ಜೆಕ್ಷನ್ ಕೊಟ್ರಂತಲ್ಲ?" ಅವಳ ಧ್ವನಿ ಸಣ್ಣದಾಯಿತು. "ರೋಕಾ ಕ್ಯೋಂ ನಹೀಂ, ಯಾಕೆ ತಡೀಲಿಲ್ಲ ಪಾಪಾ? ಒಂದ್ಸಲ ಬೇಡ ಅನ್ನಬಹುದಿತ್ತಲ್ಲ?"

ಗುವಾಹಟಿ ಎಲ್ಲಿದೆಯೆಂದು ಭೂಪಟ ನೋಡಬೇಕಾಗಿರಲಿಲ್ಲ. ಪೂರ್ವಕ್ಕೆ, ಬಲಿಯಾ ದಾಟಿ, ಇನ್ನೂ ಎಷ್ಟೋ ದೂರ ಪೂರ್ವಕ್ಕೆ.

ಅವನು ಪೆನ್ನಿಗೆ ಮುಚ್ಚಳ ಹಾಕಿ ರಿಜಿಸ್ಟರಿನ ಮೇಲಿಟ್ಟ.

"ಸಾಬ್, ಹೋದ ಸಮಯ?"

"ಖಾಲಿ ಬಿಡು."

"ಖಾಲಿ ಬಿಟ್ಟರೆ ಇನ್ನೂ ಒಳಗೇ ಇದ್ದಾರೆ ಅಂತ ಅರ್ಥ ಆಗುತ್ತೆ ಸಾಬ್." ಗಾರ್ಡು ಅವನ ಮುಖ ನೋಡಿದ. ನೋಡಿ, ತಾನು ಕೂರುವ ಕುರ್ಚಿಯನ್ನು ಮೆಲ್ಲಗೆ ಅವನ ಹಿಂದಕ್ಕೆ ಸರಿಸಿದ. "ಮೇಡಂ ಮತ್ತೆ ಬರ್ತಾರಾ?"

ಸೋಮಶೇಖರ ಆ ಕುರ್ಚಿಯಲ್ಲಿ ಕೂತ. ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಕಡೆ ಮುಖ ಮಾಡಿ ಹೇಳಿದ:

"ಹೇಳಿ ಹೋಗಿದ್ದಾಳೆ."